ಚುಕ್ಕಿಯ ಜಾಡು ಹಿಡಿದು ಮಂಡ್ಲಾಕ್ಕೆ

ಮೊದಲ ಎರಡು ದಿನ: ರೈಲಿನಲ್ಲಿ

ಶಿವಮೊಗ್ಗ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಡ್ರಾಯಿಂಗ್ ಹೇಳಿಕೊಡುತ್ತಿದ್ದೇನೆ. 2016ರ ಜುಲೈ 23ರಂದು ಚಿತ್ರಕಾರ ಸಯ್ಯದ್ ಹೈದರ್ ರಝಾ ದೆಹಲಿಯಲ್ಲಿ ತೀರಿಕೊಂಡರು. 94 ವರ್ಷವಾಗಿತ್ತು. ಆ ವಾರ ಅವರ ಬಗ್ಗೆ ಓದಿದ್ದರಲ್ಲಿ ಒಂದು ಸಂಗತಿ ತಲೆಯಿಂದ ಹೋಗಲೇ ಇಲ್ಲ. ಮಧ್ಯಪ್ರದೇಶದ ಮಂಡ್ಲಾ ಜಿಲ್ಲೆಯ ಕಕೈಯ ಎಂಬ ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಓದುವಾಗ ಹುಡುಗ ರಝಾಗೆ ಪಾಠದ ಮೇಲೆ ಗಮನವೇ ಇರುತ್ತಿರಲಿಲ್ಲವಂತೆ. ನಂದಲಾಲ್ ಝಾರಿಯಾ ಎಂಬ ಮೇಷ್ಟ್ರು ಒಂದು ದಿನ ಶಾಲೆಯ ಗೋಡೆಗೆ ಒಂದು ಚುಕ್ಕಿ ಇಟ್ಟು, ಬೇರೆಲ್ಲ ಬಿಟ್ಟು ಇದನ್ನೇ ನೋಡುತ್ತ ಕೂರು ಅಂದರಂತೆ. ಹುಡುಗ ಕೂತ. ಸುಮಾರು ಐವತ್ತು ವರ್ಷ ಕಳೆದ ಮೇಲೆ, ಪ್ಯಾರಿಸ್ಸಿನಲ್ಲಿ, ಆ ಚುಕ್ಕಿ ಅವರ ಕ್ಯಾನ್ವಾಸಿನ ನಡುವೆ ಬಂದು ಕೂತಿತು. ಕೊನೆಯವರೆಗೂ ಅದು ಅಲ್ಲಿಂದ ಏಳಲಿಲ್ಲ.

ನನ್ನ ಎಂಟನೇ ತರಗತಿಯಲ್ಲಿ ಆಗ ಒಬ್ಬ ಹುಡುಗನಿದ್ದ. ಕೂತಲ್ಲಿ ಕೂರುವವನಲ್ಲ. ಬೇರೆ ಮೇಷ್ಟ್ರುಗಳು ಅವನನ್ನು ಬಾಗಿಲ ಹೊರಗೆ ನಿಲ್ಲಿಸಿ ಸುಮ್ಮನಾಗಿದ್ದರು. ನಾನು ಒಂದು ಡ್ರಾಯಿಂಗ್ ಹಾಳೆಯ ನಡುವೆ ಇಂಡಿಯನ್ ಇಂಕಿನಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಗುಂಡಗೆ ಬರೆದು, ಗೋಡೆಗೆ ಅಂಟಿಸಿ, ಅದರ ಮುಂದೆ ಅವನನ್ನು ಕೂರಿಸಿದೆ. ಎರಡು ನಿಮಿಷಕ್ಕೆ ಅವನು ಹೇಳಿದ್ದು: ‘ಟೀಚರ್, ಅದು ಅಲ್ಲಾಡ್ತಾ ಇದೆ.’ ನಾನೂ ಪಕ್ಕದಲ್ಲಿ ಕೂತು ನೋಡಿದೆ. ನಿಜ, ಅಲ್ಲಾಡುತ್ತಿತ್ತು. ಅವತ್ತಿನಿಂದ ಆ ಊರನ್ನು ನೋಡಬೇಕೆಂಬ ಆಸೆ. ಅದಕ್ಕೆ ಹೊತ್ತು ಕೂಡಿ ಬಂದದ್ದು ಕಳೆದ ಡಿಸೆಂಬರಿನಲ್ಲಿ.

ಜೊತೆಗೆ ಅಕ್ಕನ ಮಗಳು ಬಂದಳು. ಬೆಂಗಳೂರಿನಲ್ಲಿ ಕೆಲಸ, ಹಿಂದಿ ನೀರು ಕುಡಿದಷ್ಟು ಸಲೀಸು. ದಾನಾಪುರಕ್ಕೆ ಹೋಗುವ ಸಂಘಮಿತ್ರ ಎಕ್ಸ್‌ಪ್ರೆಸ್ ಹತ್ತಿದೆವು, ಜಬಲ್ಪುರದಲ್ಲಿ ಇಳಿಯಬೇಕು. ಮೇಲಿನ ಬರ್ತಿನಲ್ಲಿ ಮಲಗಿ ಮೊಬೈಲ್ ನೋಡುತ್ತಿದ್ದವಳು ಧಡಕ್ಕನೆ ಎದ್ದು ಕೂತಳು. ‘ಚಿಕ್ಕಮ್ಮಾ, ಇವರ ಒಂದು ಚಿತ್ರ ಐವತ್ತೊಂದು ಕೋಟಿಗೆ ಹೋಗಿದೆ!’

ಹೌದು, 1989ರಲ್ಲಿ ಬರೆದ ‘ಜೆಸ್ಟೇಶನ್’ ಎಂಬ ಚಿತ್ರ 2023ರಲ್ಲಿ ಹರಾಜಿನಲ್ಲಿ 51.75 ಕೋಟಿ ರೂಪಾಯಿಗೆ ಹೋಯಿತು. ಅದಕ್ಕೂ ಮುಂಚೆ, 2010ರಲ್ಲಿ, ‘ಸೌರಾಷ್ಟ್ರ’ 16 ಕೋಟಿ ದಾಟಿದಾಗಲೂ ಪತ್ರಿಕೆಗಳಲ್ಲಿ ಅದೇ ಸುದ್ದಿ. ಕೋಟಿ ಎಂಬ ಮಾತು ಬಂದರೆ ಜನ ಚಿತ್ರವನ್ನು ನೋಡುವುದನ್ನು ಬಿಟ್ಟು ಬೆಲೆಯನ್ನು ನೋಡುತ್ತಾರೆ. ನನಗೆ ಅದು ಬೇಸರ. ‘ಬೆಲೆ ಬಿಡು, ಮೊದಲು ಅದನ್ನು ಎರಡು ನಿಮಿಷ ನೋಡು’ ಅಂದೆ. ಮೊಬೈಲಿನಲ್ಲಿ ನೋಡಿದರೆ ಏನೂ ಗೊತ್ತಾಗುವುದಿಲ್ಲ ಎಂಬುದು ನನಗೂ ಗೊತ್ತಿತ್ತು. ಹಿಂದೊಮ್ಮೆ ದೆಹಲಿಯ ಜೈಪುರ್ ಹೌಸಿನಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ಅವರ ಚಿತ್ರದ ಮುಂದೆ ನಿಂತಿದ್ದೆ. ಆ ಕಪ್ಪು ನಾನು ಎಣಿಸಿದಂತೆ ಸಪಾಟಾಗಿರಲಿಲ್ಲ. ಹತ್ತಿರ ಹೋದರೆ ಒಳಗೆ ಕೆಂಪಿತ್ತು, ಕಂದು ಬಣ್ಣವಿತ್ತು, ಪದರದ ಮೇಲೆ ಪದರ ಹಚ್ಚಿದ ಗುರುತಿತ್ತು.

ಮರುದಿನ ರೈಲು ನಾಗಪುರದಲ್ಲಿ ನಿಂತಿತು. ರಝಾ 1939ರಲ್ಲಿ ಇಲ್ಲಿನ ಕಲಾಶಾಲೆಗೆ ಸೇರಿದ್ದು. 1943ರಲ್ಲಿ ಇಲ್ಲಿಂದ ಬೊಂಬಾಯಿಗೆ ಹೋಗಿ, ಮುದ್ರಣದ ಬ್ಲಾಕ್ ಮಾಡುವ ಸ್ಟುಡಿಯೋದಲ್ಲಿ ಹೊಟ್ಟೆಪಾಡಿಗೆ ದುಡಿಯುತ್ತ, ಜೆ.ಜೆ. ಕಲಾಶಾಲೆಯಲ್ಲಿ ಓದಿದರು. 1947ರಲ್ಲಿ ಸೂಜಾ, ಹುಸೇನ್, ಆರಾ, ಬಾಕ್ರೆ, ಗಾಡೆ ಎಂಬ ಕಲಾವಿದರೊಂದಿಗೆ ಸೇರಿ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್ ಕಟ್ಟಿದರು. ಅದೇ ವರ್ಷ ತಾಯಿ ಹೋದರು, ಮರುವರ್ಷ ತಂದೆ. ದೇಶ ಒಡೆದಾಗ ಒಡಹುಟ್ಟಿದವರು ಪಾಕಿಸ್ತಾನಕ್ಕೆ ಹೋದರೂ ಇವರು ಹೋಗಲಿಲ್ಲ. ಹುಡುಗನಾಗಿದ್ದಾಗ ಮಂಡ್ಲಾದಲ್ಲಿ ಗಾಂಧೀಜಿಯನ್ನು ಕಂಡಿದ್ದರಂತೆ. ಆ ಗಾಂಧಿಯ ದೇಶ ಬಿಟ್ಟು ಹೋಗುವುದು ಅವರಿಗೆ ದ್ರೋಹವೆನಿಸಿತ್ತು. ತೊಂಬತ್ತು ದಾಟಿದ ಮೇಲೆ ಗಾಂಧಿಯ ನೆನಪಿಗೆ ಒಂದು ಚಿತ್ರ ಸರಣಿಯನ್ನೇ ಬರೆದರು.

ಕತ್ತಲಾದ ಮೇಲೆ ಜಬಲ್ಪುರ. ಚಳಿ ಎಷ್ಟಿತ್ತೆಂದರೆ ಲಾಡ್ಜಿನ ರಜಾಯಿ ಸಾಲದೆ ಇಬ್ಬರೂ ಸ್ವೆಟರ್ ಹಾಕಿಕೊಂಡೇ ಮಲಗಿದೆವು.

ಮೂರನೇ ದಿನ: ಮಂಡ್ಲಾ, ನರ್ಮದೆ

ಬೆಳಿಗ್ಗೆ ಪೋಹಾ, ಬಿಸಿ ಜಿಲೇಬಿ ತಿಂದು ಬಸ್ ಹತ್ತಿದೆವು. ಜಬಲ್ಪುರಕ್ಕೆ ಬಂದವರೆಲ್ಲ ಭೇಡಾಘಾಟಿನ ಅಮೃತಶಿಲೆಯ ಬಂಡೆ ನೋಡಲು ಹೋಗುತ್ತಾರೆ. ನಾವು ಹೋಗಲಿಲ್ಲ. ಮಂಡ್ಲಾ ಅಲ್ಲಿಂದ ನೂರು ಕಿಲೋಮೀಟರಿಗೆ ತುಸು ಕಡಿಮೆ. ಊರು ದಾಟಿದ ಮೇಲೆ ಗುಡ್ಡ, ತೇಗ, ಮತ್ತೆ ಗುಡ್ಡ. ದಾರಿಬದಿಯಲ್ಲಿ ಸೀಬೆಹಣ್ಣಿನ ರಾಶಿ. ಇಲ್ಲಿ ಅದಕ್ಕೆ ‘ಬಿಹಿ’ ಅನ್ನುತ್ತಾರೆ.

ಮಂಡ್ಲಾ ಊರನ್ನು ನರ್ಮದೆ ಮೂರು ಕಡೆಯಿಂದ ಸುತ್ತಿಕೊಂಡಿದ್ದಾಳೆ. ಯಾವ ಬೀದಿ ಹಿಡಿದು ಹೋದರೂ ಕೊನೆಗೆ ನೀರು. ಸಂಜೆ ರಪ್ಟಾ ಘಾಟಿಗೆ ಹೋದೆವು. ಪರಿಕ್ರಮಕ್ಕೆ ಹೊರಟವರು ಮೆಟ್ಟಿಲ ಮೇಲೆ ಕೂತಿದ್ದರು: ಬಿಳಿ ಬಟ್ಟೆ, ಕೈಯಲ್ಲಿ ಕೋಲು, ಹೆಗಲಿಗೆ ಕಂಬಳಿಯ ಗಂಟು. ನರ್ಮದೆ 1,312 ಕಿಲೋಮೀಟರ್ ಉದ್ದ. ಇವರು ನದಿಯನ್ನು ಬಲಕ್ಕಿಟ್ಟುಕೊಂಡು ಒಂದು ದಡದಲ್ಲಿ ಸಮುದ್ರದವರೆಗೆ ನಡೆದು, ಇನ್ನೊಂದು ದಡದಲ್ಲಿ ಮರಳುತ್ತಾರೆ. ನಡುವೆ ಎಲ್ಲೂ ನದಿ ದಾಟುವಂತಿಲ್ಲ. ಎದುರಾದವರಿಗೆಲ್ಲ ಒಂದೇ ಮಾತು: ‘ನರ್ಮದೇ ಹರ್.’

ಒಬ್ಬ ಅಜ್ಜಿ ನಮ್ಮನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಎಪ್ಪತ್ತರ ಹತ್ತಿರದ ವಯಸ್ಸು, ಹಿಮ್ಮಡಿ ಬಿರಿದು ಹೋಗಿತ್ತು. ಅಕ್ಕನ ಮಗಳು, ‘ಇಷ್ಟು ದೂರ ನಡೆಯುವಾಗ ಏನು ಯೋಚನೆ ಮಾಡ್ತೀರಿ ದಾದಿ?’ ಅಂತ ಕೇಳಿದಳು. ‘ಮೊದಮೊದಲು ಮನೆ, ಮಗ, ಸೊಸೆ, ಎಲ್ಲ ಬರ್ತಾರೆ. ಆಮೇಲೆ ಅವರೂ ಸುಸ್ತಾಗಿ ಮನೆಗೆ ಹೋಗ್ತಾರೆ. ಕಾಲು ಮಾತ್ರ ಉಳಿಯುತ್ತೆ’ ಅಂದರು. ಧ್ಯಾನವೆಂದರೇನು ಎಂದು ನಾನು ಓದಿದ ಯಾವ ಮಾತೂ ಇಷ್ಟು ನೆಟ್ಟಗೆ ಇರಲಿಲ್ಲ.

ಸೂರ್ಯ ಮುಳುಗುವಾಗ ನೀರಿನ ಮೇಲೆ ಕಿತ್ತಳೆ ಪಟ್ಟೆ, ಅದರಾಚೆ ಕಂದು, ಅದರಾಚೆ ದಟ್ಟ ನೀಲಿ. ರಝಾ ಅರವತ್ತು ವರ್ಷ ಫ್ರಾನ್ಸಿನಲ್ಲಿದ್ದರು. 1950ರಲ್ಲಿ ಅಲ್ಲಿನ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಹೋದವರು 2010ರ ಕೊನೆಯಲ್ಲಿ ಪೂರ್ತಿಯಾಗಿ ವಾಪಸು ಬಂದರು. ಅವರು ಹೋಗಿದ್ದರ ಹಿಂದೆ ಒಂದು ಭೇಟಿ ಇದೆ. 1948ರಲ್ಲಿ ಕಾಶ್ಮೀರದಲ್ಲಿ ಫ್ರೆಂಚ್ ಛಾಯಾಗ್ರಾಹಕ ಆನ್ರಿ ಕಾರ್ತಿಯೆ-ಬ್ರೆಸೊನ್ ಇವರ ಚಿತ್ರ ನೋಡಿ, ಕೈ ಚೆನ್ನಾಗಿದೆ, ಚಿತ್ರದಲ್ಲಿ ಕಟ್ಟುವಿಕೆ ಇಲ್ಲ, ಫ್ರಾನ್ಸಿನ ಹಿಂದಿನ ಚಿತ್ರಕಾರ ಸೆಜಾನ್ ಅವರನ್ನು ಅಭ್ಯಾಸ ಮಾಡು ಎಂಬರ್ಥದ ಮಾತು ಹೇಳಿದ್ದರು. ಆ ಮಾತನ್ನು ಕಟ್ಟಿಕೊಂಡು ಇವರು ಫ್ರೆಂಚ್ ಕಲಿತು ಹಡಗು ಹತ್ತಿದರು. 1956ರಲ್ಲಿ ಪ್ಯಾರಿಸ್ಸಿನ ವಿಮರ್ಶಕರ ಪ್ರಶಸ್ತಿ ಬಂತು. ಫ್ರೆಂಚರಲ್ಲದವರಿಗೆ ಅದು ಸಿಕ್ಕಿದ್ದು ಅದೇ ಮೊದಲು. ಹೆಸರು ಬಂತು, ಹಣವೂ ಬಂತು. ಆದರೂ 1970ರ ದಶಕದಲ್ಲಿ ಅವರಿಗೆ ತಮ್ಮ ಚಿತ್ರದಲ್ಲಿ ತಾವೇ ಇಲ್ಲವೆನಿಸತೊಡಗಿತು. ಮತ್ತೆ ಮತ್ತೆ ಇಂಡಿಯಾಕ್ಕೆ ಬಂದು ಅಜಂತಾ, ಎಲ್ಲೋರಾ, ಬನಾರಸ್, ರಾಜಸ್ಥಾನ ಅಂತ ತಿರುಗಿದರು. ಕೊನೆಗೆ ಕೈಗೆ ಸಿಕ್ಕಿದ್ದು ಕಕೈಯದ ಗೋಡೆಯ ಚುಕ್ಕಿ. ಅದನ್ನು ‘ಬಿಂದು’ ಎಂದು ಕರೆದರು.

ನಾಲ್ಕನೇ ದಿನ: ಬಿಂಝಿಯಾ, ಕಕೈಯ

ಬೆಳಿಗ್ಗೆ ಕಾನ್ಹಾ ರಸ್ತೆಯಲ್ಲಿರುವ ಬಿಂಝಿಯಾ ಕಬ್ರಸ್ತಾನಕ್ಕೆ ಹೋದೆವು. ತಂದೆಯ ಪಕ್ಕದಲ್ಲಿ ಮಣ್ಣಾಗಬೇಕೆಂಬುದು ರಝಾ ಅವರ ಕೊನೆಯ ಆಸೆಯಾಗಿತ್ತು. ದೆಹಲಿಯಿಂದ ಅವರನ್ನು ಇಲ್ಲಿಗೆ ತಂದರು. ಹೆಂಗಸರು ಒಳಗೆ ಹೋಗಬಹುದೋ ಇಲ್ಲವೋ ಎಂಬ ಅಳುಕಿನಲ್ಲಿ ಗೇಟಿನ ಬಳಿಯೇ ನಿಂತಿದ್ದೆವು. ನೋಡಿಕೊಳ್ಳುವ ಹಿರಿಯರೊಬ್ಬರು ಬಂದು, ಎಲ್ಲಿಂದ ಬಂದಿರಿ ಅಂದರು. ಕರ್ನಾಟಕ ಅಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಷ್ಟು ದೂರದಿಂದ ಬಂದವರು ಹೊರಗೆ ನಿಲ್ಲಬಾರದು, ಬನ್ನಿ ಬೇಟಿ’ ಅಂತ ತಾವೇ ಮುಂದೆ ನಡೆದರು. ತಲೆಯ ಮೇಲೆ ಸೆರಗು ಹೊದ್ದು ಹೋದೆವು. ಚೆಂಡುಹೂವು ಒಯ್ದಿದ್ದೆ. ಇಬ್ಬನಿಗೆ ಮಣ್ಣು ತೇವವಾಗಿತ್ತು. ಚಪ್ಪಲಿ ಬಿಟ್ಟಿದ್ದರಿಂದ ತಂಪು ಅಂಗಾಲಿಗೆ ಹತ್ತಿತು.

ತಂದೆ ಅರಣ್ಯ ಇಲಾಖೆಯಲ್ಲಿ ಡೆಪ್ಯುಟಿ ರೇಂಜರ್. ಮಗ 1922ರ ಫೆಬ್ರವರಿ 22ರಂದು ಈ ಜಿಲ್ಲೆಯ ಕಾಡಿನ ನಡುವೆ ಹುಟ್ಟಿದ್ದು. ನಮಾಜು ಕಲಿತು ಬೆಳೆದವರು. ಕ್ಯಾನ್ವಾಸಿನ ಮೇಲೆ ಮಾತ್ರ ನಾಗರಿ ಲಿಪಿಯಲ್ಲಿ ಹಿಂದಿ, ಸಂಸ್ಕೃತದ ಸಾಲುಗಳನ್ನು ಬರೆಯುತ್ತಿದ್ದರು. ಮಸೀದಿಗೂ ಹೋಗುತ್ತಿದ್ದರು, ಮಂದಿರಕ್ಕೂ ಇಗರ್ಜಿಗೂ ಹೋಗುತ್ತಿದ್ದರು. 1981ರಲ್ಲಿ ಬರೆದ ‘ಮಾ’ ಎಂಬ ಚಿತ್ರದಲ್ಲಿ, ಅಮ್ಮಾ, ಮರಳಿ ಬರುವಾಗ ನಾನು ಏನು ತರಲಿ ಎಂದು ಕೇಳುವ ಅಶೋಕ್ ವಾಜಪೇಯಿಯವರ ಹಿಂದಿ ಕವಿತೆಯ ಸಾಲಿದೆ. ಹೂವಿಟ್ಟು ನಿಂತಾಗ ನನಗೆ ಬೇರೇನೂ ಹೊಳೆಯಲಿಲ್ಲ, ಆ ಸಾಲೇ ಬಂತು. ಮರಳಿ ಬರುವಾಗ ಅವರೇನೂ ತರಲಿಲ್ಲ, ತಾವೇ ಬಂದರು.

ಕಕೈಯಕ್ಕೆ ಆಟೋ ಮಾಡಿಕೊಂಡು ಹೊರಟೆವು. ಒಂದು ಕವಲಿನಲ್ಲಿ ತಪ್ಪು ದಾರಿ ಹಿಡಿದು, ಎಮ್ಮೆ ಕಾಯುವ ಹುಡುಗನ ಹತ್ತಿರ ಕೇಳಿ ವಾಪಸು ಬಂದದ್ದಾಯಿತು. ಹೆಂಚಿನ ಮನೆಗಳು. ಗೋಡೆಗೆ ನೀಲಿ ಬೆರೆಸಿದ ಸುಣ್ಣ, ಕೆಳಗೆ ಕೆಮ್ಮಣ್ಣಿನ ಪಟ್ಟಿ. ಆ ಪಟ್ಟಿ ಎಷ್ಟು ನೇರವಾಗಿತ್ತೆಂದರೆ ನಾನು ಆಟೋ ನಿಲ್ಲಿಸಿ ನೋಡಿದೆ. ಸ್ಕೇಲ್ ಹಿಡಿದಿಲ್ಲ, ದಾರ ಕಟ್ಟಿಲ್ಲ, ಬರೀ ಕೈ.

ಶಾಲೆ ಬಿಡಲು ಇನ್ನೂ ಹೊತ್ತಿತ್ತು. ಹೆಡ್‌ಮಾಸ್ಟರ್ ಕುರ್ಚಿ ಹಾಕಿಸಿ, ಚಹಾ ತರಿಸಿದರು. ನಾನೂ ಮೇಷ್ಟ್ರೇ ಅಂತ ಗೊತ್ತಾದ ಮೇಲೆ ಮಾತು ತಾನಾಗಿ ಬಂತು: ಮಕ್ಕಳ ಹಾಜರಿ, ಬಿಸಿಯೂಟ, ಬಾರದ ಪುಸ್ತಕ. ಎರಡು ರಾಜ್ಯದ ಮೇಷ್ಟ್ರುಗಳ ಕಷ್ಟ ಒಂದೇ. ರಝಾ ಕಥೆ ಅವರಿಗೆ ಬಾಯಿಪಾಠ. ವರಾಂಡದ ಗೋಡೆ ತೋರಿಸಿದರು. ಆ ಕಾಲದ ಗೋಡೆ ಇದೇನಾ ಎಂದು ಕೇಳಬೇಕೆಂದು ನನಗೆ ಅನಿಸಲಿಲ್ಲ. ಚುಕ್ಕಿ ಹೇಗೂ ಗೋಡೆಯಲ್ಲಿ ಉಳಿಯುವ ವಸ್ತುವಲ್ಲ.

ಚೀಲದಲ್ಲಿ ಡ್ರಾಯಿಂಗ್ ಹಾಳೆ, ಇಂಕು, ಎರಡು ಕುಂಚ ಇದ್ದವು. ‘ಮಕ್ಕಳ ಜೊತೆ ಒಂದು ಹತ್ತು ನಿಮಿಷ ಕೂರಬಹುದಾ ಸಾರ್?’ ಅಂತ ಕೇಳಿದೆ. ಅವರು ನಾಲ್ಕನೇ ತರಗತಿಯನ್ನೇ ವರಾಂಡಕ್ಕೆ ಕರೆಸಿದರು. ಹಾಳೆಯನ್ನು ನೆಲದ ಮೇಲಿಟ್ಟು ಎಲ್ಲರ ಎದುರಿಗೇ ಚುಕ್ಕಿ ಬರೆದೆ. ಮೊದಲು ನಡುವೆ ಒಂದು ಹನಿ, ಆಮೇಲೆ ಕುಂಚವನ್ನು ಸುತ್ತ ತಿರುಗಿಸುತ್ತ, ಹೊರಗೆ ಹೊರಗೆ ಹಿಗ್ಗಿಸುತ್ತ. ಇಂಕು ಒಣಗುವವರೆಗೆ ಒಬ್ಬರೂ ಮಾತಾಡಲಿಲ್ಲ. ಮಕ್ಕಳಿಗೆ ಚಿತ್ರ ಆದ ಮೇಲಿನದಕ್ಕಿಂತ ಆಗುವುದನ್ನು ನೋಡುವುದೇ ಇಷ್ಟ. ಹಾಳೆಯನ್ನು ಅಂಟಿಸಿ, ರೆಪ್ಪೆ ಆದಷ್ಟು ಬಡಿಯದೆ ನೋಡಿ, ಏನು ಕಾಣುತ್ತದೋ ಆಮೇಲೆ ಹೇಳಿ ಅಂದೆ. ಅಕ್ಕನ ಮಗಳು ಹಿಂದಿಯಲ್ಲಿ ಹೇಳಿ, ತಾನೂ ಮಕ್ಕಳ ಸಾಲಿನಲ್ಲಿ ಕಾಲು ಮಡಚಿ ಕೂತಳು.

ಮೊದಲ ನಿಮಿಷ ಕಿಸಕಿಸ. ಆಮೇಲೆ ನಿಧಾನಕ್ಕೆ ಸದ್ದು ಇಳಿಯಿತು. ಕೆಂಪು ರಿಬ್ಬನ್ನಿನ ಒಂದು ಹುಡುಗಿ ಬಾಯಿ ಸ್ವಲ್ಪ ತೆರೆದುಕೊಂಡು ನೋಡುತ್ತಿದ್ದಳು. ಮೂಗಿನ ಮೇಲೆ ನೊಣ ಕೂತರೂ ಅವಳು ಕೈ ಎತ್ತಲಿಲ್ಲ.

‘ಹಿಲ್ ರಹಾ ಹೈ’ ಅಂದ ಒಬ್ಬ. ಅಲ್ಲಾಡುತ್ತಿದೆ.

‘ಸುತ್ತ ಬೆಳಕು ಬರ್ತಿದೆ, ಬಳೆ ಥರ’ ಅಂದಳು ರಿಬ್ಬನ್ನಿನ ಹುಡುಗಿ.

‘ಅದು ನನ್ನ ಹತ್ತಿರ ಬರ್ತಿದೆ’ ಅಂದ ಕೊನೆಯ ಸಾಲಿನವನು, ಸ್ವಲ್ಪ ಹೆದರಿ.

ಇದು ನಾನು ಬಹಳ ದಿನದಿಂದ ಮನಸ್ಸಿನಲ್ಲಿಟ್ಟುಕೊಂಡ ಮಾತು. ರಝಾ ಅವರ ಬಿಂದುವಿನ ಬಗ್ಗೆ ಬರೆಯುವವರು ಬೀಜ, ಬ್ರಹ್ಮಾಂಡ, ತಂತ್ರ, ಶೂನ್ಯ ಎಂದೆಲ್ಲ ಬರೆಯುತ್ತಾರೆ. ಅವೂ ಇರಲಿ, ರಝಾ ಅವರೇ ಅವನ್ನು ಹೇಳಿದ್ದಾರೆ. ಆದರೆ ಅವರ ಚಿತ್ರದಲ್ಲಿ ಕಪ್ಪು ಗುಂಡಿನ ಸುತ್ತ ಒಂದರ ಹೊರಗೊಂದು ಬಳೆಗಳಿವೆಯಲ್ಲ, ಬೂದು, ಬಿಳಿ, ಮತ್ತೆ ಕಂದು, ಅವನ್ನು ಯಾರೂ ತಲೆಯಲ್ಲಿ ಕಟ್ಟಿದ್ದಲ್ಲ ಎಂದು ನನ್ನ ನಂಬಿಕೆ. ಅವು ಕಣ್ಣಿಗೆ ಕಂಡವು. ಯಾರೇ ಒಂದು ಕಪ್ಪು ಚುಕ್ಕಿಯ ಮುಂದೆ ಸುಮ್ಮನೆ ಕೂತರೂ ಕಾಣುವಂಥವು. ಕಣ್ಣು ಎಷ್ಟೇ ನಿಲ್ಲಿಸಿದರೂ ಪೂರ್ತಿ ನಿಲ್ಲುವುದಿಲ್ಲ, ಅತಿ ಸಣ್ಣಗೆ ಅದುರುತ್ತಲೇ ಇರುತ್ತದೆ. ಅಕ್ಷಿಪಟಲದಲ್ಲಿ ಬಿಳಿ ಬಿದ್ದ ಜಾಗ ದಣಿಯುತ್ತದೆ, ಕಪ್ಪು ಬಿದ್ದ ಜಾಗ ದಣಿಯದೆ ಉಳಿದಿರುತ್ತದೆ. ಕಣ್ಣು ಕೂದಲೆಳೆ ಸರಿದಾಗ ಆ ದಣಿಯದ ಅಂಚಿನ ಮೇಲೆ ಬಿಳಿ ಬಿದ್ದು ಇನ್ನೂ ಬೆಳ್ಳಗೆ ಹೊಳೆಯುತ್ತದೆ. ಚುಕ್ಕಿ ಅದುರಿದ್ದೂ, ಬಳೆ ಕಂಡಿದ್ದೂ ಅದಕ್ಕೇ. ಹಠಯೋಗದಲ್ಲಿ ಇದೇ ಅಭ್ಯಾಸಕ್ಕೆ ತ್ರಾಟಕ ಎಂಬ ಹೆಸರಿದೆ. ಝಾರಿಯಾ ಮೇಷ್ಟ್ರು ಯೋಗವೆಂದು ಮಾಡಿಸಿದರೋ, ತುಂಟ ಹುಡುಗನನ್ನು ಕೂರಿಸಲು ಮಾಡಿದರೋ, ಹುಡುಗನ ಕಣ್ಣು ಮಾತ್ರ ಅದನ್ನು ಬಿಡಲಿಲ್ಲ. ಬಿಂದುವೆಂಬ ಹೆಸರು ಬರುವ ಎಷ್ಟೋ ಮುಂಚೆ, 1950ರ ದಶಕದಲ್ಲಿ ಫ್ರಾನ್ಸಿನ ಊರುಗಳನ್ನು ಬರೆಯುವಾಗಲೂ ಮನೆಗಳ ಸಾಲಿನ ಮೇಲೆ ಒಬ್ಬ ಕಪ್ಪು ಸೂರ್ಯ ಬಂದು ನಿಲ್ಲುತ್ತಾನೆ.

ಇದನ್ನು ಹೇಳಿದರೆ ಧ್ಯಾನವನ್ನು ಬರೀ ಕಣ್ಣಿನ ಆಟ ಮಾಡಿಬಿಟ್ಟೆ ಎಂದು ಕೆಲವರು ಬೇಸರಪಡಬಹುದು. ನನಗೆ ಹಾಗನಿಸುವುದಿಲ್ಲ. ಕಣ್ಣಿನ ಆಟ ಎಲ್ಲರಿಗೂ ಎರಡು ನಿಮಿಷಕ್ಕೆ ಸಿಗುತ್ತದೆ. ಮೂವತ್ತು ವರ್ಷ ದಿನಾ ಬೆಳಿಗ್ಗೆ ಅದರ ಮುಂದೆ ಹೋಗಿ ಕೂರುವುದು ಎಲ್ಲರಿಂದಲೂ ಆಗುವುದಿಲ್ಲ. ಒಂದೇ ಆಕಾರವನ್ನು ಯಾಕೆ ಮತ್ತೆ ಮತ್ತೆ ಬರೆಯುತ್ತೀರಿ ಎಂದು ಕೇಳಿದವರಿಗೆ ರಝಾ ಅದನ್ನು ಜಪಕ್ಕೆ ಹೋಲಿಸಿ ಹೇಳುತ್ತಿದ್ದರು. ಮಣಿ ಅದೇ, ಮಂತ್ರ ಅದೇ. ಎಣಿಸುವವನು ಮಾತ್ರ ದಿನಾ ಬೇರೆಯವನಾಗಿರುತ್ತಾನೆ.

ಹೊರಡುವಾಗ ಹೆಡ್‌ಮಾಸ್ಟರ್ ಆ ಹಾಳೆಯನ್ನು ಇಲ್ಲೇ ಇರಲಿ ಅಂದರು. ಒಂದು ಫೋಟೋ ತೆಗೆದುಕೊಂಡು ಬಂದೆ.

ಐದನೇ ದಿನ: ಕಾಡಿನ ಅಂಚು

ಬೆಳಿಗ್ಗೆಯೇ ಹೊರಟು ಕಾನ್ಹಾ ಕಾಡಿನ ಖಟಿಯಾ ಕಡೆಗೆ ಹೋದೆವು. ಹುಲಿ ಸಫಾರಿಗೆ ಟಿಕೆಟು ಮಾಡಿಸಿರಲಿಲ್ಲ, ಮಾಡಿಸುವ ಮನಸ್ಸೂ ಇರಲಿಲ್ಲ. ನನಗೆ ಬೇಕಾಗಿದ್ದುದು ಇಲ್ಲಿನ ಕತ್ತಲೆ. ಬಾಲ್ಯದ ಕಾಡಿನ ರಾತ್ರಿಗಳು ತಮ್ಮನ್ನು ಹೆದರಿಸುತ್ತಿದ್ದವು ಎಂದು ರಝಾ ಹೇಳಿಕೊಂಡಿದ್ದಾರೆ. ಆ ರಾತ್ರಿಗಳಲ್ಲಿ ಧೈರ್ಯ ಕೊಡುತ್ತಿದ್ದುದು ಇಲ್ಲಿನ ಬುಡಕಟ್ಟಿನವರಾದ ಗೊಂಡರ ಕುಣಿತ ಒಂದೇ. ಬೆಳಗಾದ ಮೇಲೆ ಜೀವ ಬರುತ್ತಿತ್ತು. ಸಂತೆಯ ದಿನವಂತೂ ಬಿಸಿಲಿನಲ್ಲಿ ಊರಿಗೆ ಊರೇ ಬಣ್ಣವಾಗುತ್ತಿತ್ತು.

ಸಂತೆ ನಮಗೆ ದಾರಿಯಲ್ಲೇ ಸಿಕ್ಕಿತು. ಒಂದು ಆಲದ ಮರ, ಅದರ ಸುತ್ತ ಸಂತೆ. ಹಸಿಬಟಾಣಿ, ಬದನೆ, ಒಣಮೀನು, ಗಾಜಿನ ಬಳೆ, ಗುಡ್ಡೆ ಹಾಕಿದ ಒಣಮೆಣಸಿನಕಾಯಿ. ಹಾರಕ, ಸಾಮೆ ಇಲ್ಲಿ ಕೋದೋ, ಕುಟ್ಕಿ. ಬೊಗಸೆಯಲ್ಲಿ ಎತ್ತಿ ಮೂಸಿದೆ, ಅಜ್ಜಿಯ ಕಣಜದ ವಾಸನೆ. ಒಬ್ಬ ಹೆಂಗಸು ಅರಿಸಿನ, ಕುಂಕುಮ, ಇಂಗಳೀಕ, ನೀಲಿಪುಡಿಗಳನ್ನು ಗೋಪುರದ ಹಾಗೆ ಮಾಡಿ ಸಾಲಾಗಿ ಇಟ್ಟಿದ್ದಳು. ಹಿಂದೆ ಕಪ್ಪು ಕಂಬಳಿ ಹಾಸಿದ್ದರಿಂದ ಒಂದೊಂದು ಬಣ್ಣವೂ ಒಳಗಿನಿಂದ ಉರಿಯುವಂತೆ ಕಾಣುತ್ತಿತ್ತು. ರಝಾ ಕಪ್ಪನ್ನು ತಾಯಿಬಣ್ಣ ಅನ್ನುತ್ತಿದ್ದರು. ಅದರ ಅರ್ಥ ಅವಳ ಅಂಗಡಿಯ ಮುಂದೆ ನಿಂತಾಗ ನನಗೆ ಆಯಿತು. ಅಕ್ಕನ ಮಗಳು ತನಗೆ ಹನ್ನೆರಡು ಹಸಿರು ಬಳೆ ಕೊಂಡಳು, ನನಗೆ ಒಂದು ಪೊಟ್ಟಣ ನೀಲಿ.

ರಾತ್ರಿ ಖಟಿಯಾದಲ್ಲಿ ಉಳಿದೆವು. ಎಂಟು ಗಂಟೆಗೆ ಕರೆಂಟು ಹೋಯಿತು. ಮಲೆನಾಡಿನವಳಾದ ನನಗೆ ಕತ್ತಲೆ ಹೊಸದಲ್ಲ, ಆದರೂ ಈ ಕತ್ತಲೆಗೆ ತೂಕವಿತ್ತು. ಸಾಲ್ ಮರಗಳು ನೆಟ್ಟಗೆ ಎದ್ದು ಆಕಾಶವನ್ನೂ ಮುಚ್ಚಿದ್ದವು. ಒಂದು ಜಿಂಕೆ ಕೂಗಿತು, ಮತ್ತೊಂದು ದೂರದಲ್ಲಿ ಕೂಗಿತು, ಆಮೇಲೆ ನಿಶ್ಶಬ್ದ. ಅಕ್ಕನ ಮಗಳು ನನ್ನ ತೋಳು ಹಿಡಿದುಕೊಂಡಳು. ಹೊರಗಿನ ಜಗಲಿಯಲ್ಲಿ ಕಾವಲುಗಾರ ಬೀಡಿ ಹಚ್ಚಿದ. ಅಷ್ಟು ದೊಡ್ಡ ಕಪ್ಪಿನ ನಡುವೆ ಒಂದು ಕೆಂಪು ಚುಕ್ಕಿ. ಅದನ್ನು ಬಿಟ್ಟು ಬೇರೆ ಯಾವುದನ್ನೂ ನೋಡಲು ಕಣ್ಣು ಒಪ್ಪಲಿಲ್ಲ. ಏಳೆಂಟು ವರ್ಷದ ಹುಡುಗ ಇಂಥ ರಾತ್ರಿಯಲ್ಲಿ ಒಂದು ಲಾಟೀನನ್ನು ಹೇಗೆ ನೋಡಿರಬಹುದು!

ಆರನೇ ದಿನ: ಪಾಟನಗಢ

ಇದು ಯೋಜನೆಯಲ್ಲಿ ಇರದಿದ್ದ ದಿನ. ಮಂಡ್ಲಾದ ಲಾಡ್ಜಿನಾತ, ಚಿತ್ರ ನೋಡಲು ಬಂದವರು ಪಾಟನಗಢಕ್ಕೆ ಹೋಗದೆ ಹೋಗುತ್ತೀರಾ ಅಂದಿದ್ದ. ಕಾಡಿನಿಂದ ಮರಳಿ ಬಾಡಿಗೆ ಜೀಪು ಮಾಡಿ ದಿಂಡೋರಿ ಕಡೆಗೆ ಹೊರಟೆವು. ದೂರದ ಹಾದಿ, ಸೊಂಟ ಸೋತಿತು.

ಪಾಟನಗಢ ಪರಧಾನ್ ಗೊಂಡರ ಊರು. ಬಾನಾ ಎಂಬ ತಂತಿವಾದ್ಯ ನುಡಿಸಿ ವಂಶದ ಕಥೆ ಹಾಡುವವರು ಇವರು. ಇವರ ದೊಡ್ಡ ದೇವರು, ಬಡಾ ದೇವ್, ಇರುವುದು ಸಾಜಾ ಮರದಲ್ಲಿ. ಮರ ತೋರಿಸಿದಾಗ ನನಗೆ ನಗು ಬಂತು: ಮೊಸಳೆ ಚರ್ಮದಂಥ ತೊಗಟೆಯ ನಮ್ಮ ಮತ್ತಿ ಮರ! ಜನಗಢ ಸಿಂಗ್ ಶ್ಯಾಮ್ ಹುಟ್ಟಿದ್ದು ಈ ಊರಿನಲ್ಲಿ. 1981ರ ಸುಮಾರಿಗೆ ಚಿತ್ರಕಾರ ಜೆ. ಸ್ವಾಮಿನಾಥನ್ ಭೋಪಾಲದ ಕಲಾಕೇಂದ್ರ ಭಾರತ ಭವನಕ್ಕಾಗಿ ಹಳ್ಳಿಗಳಿಗೆ ಕಳಿಸಿದ್ದ ತಂಡದ ಕಣ್ಣಿಗೆ ಆತ ಗೋಡೆಗೆ ಬರೆದಿದ್ದ ಚಿತ್ರ ಬಿತ್ತು. ಭೋಪಾಲಕ್ಕೆ ಹೋದ ಆ ಹುಡುಗನಿಂದಲೇ ಇವತ್ತು ಗೊಂಡ್ ಚಿತ್ರ ಎಂದು ನಾವು ಕರೆಯುವ ಶೈಲಿ ಶುರುವಾಯಿತು. 2001ರಲ್ಲಿ ಜಪಾನಿನಲ್ಲಿದ್ದಾಗ ತೀರಿಕೊಂಡರು. ಇನ್ನೂ ನಲವತ್ತು ಮುಟ್ಟುವ ವಯಸ್ಸು. ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಈಗಿನ ದಿಂಡೋರಿ ಜಿಲ್ಲೆ 1998ರವರೆಗೆ ಮಂಡ್ಲಾದ್ದೇ ಭಾಗ. ಅಂದರೆ ರಝಾ ಮತ್ತು ಜನಗಢ ಒಂದೇ ಜಿಲ್ಲೆಯವರು. 1989ರಲ್ಲಿ ಪ್ಯಾರಿಸ್ಸಿನ ಪಾಂಪಿಡೂ ಕೇಂದ್ರದ ದೊಡ್ಡ ಪ್ರದರ್ಶನದಲ್ಲಿ ಜನಗಢ ಅವರ ಚಿತ್ರಗಳಿದ್ದವು. ಆಗ ರಝಾ ವಾಸವಿದ್ದದ್ದೂ ಅದೇ ಪ್ಯಾರಿಸ್ಸಿನಲ್ಲಿ. ಇಬ್ಬರ ಕೈಯಲ್ಲೂ ಇದ್ದದ್ದು ಚುಕ್ಕಿ. ಒಬ್ಬರದು ಒಂದೇ ಒಂದು, ದೊಡ್ಡದು. ಇನ್ನೊಬ್ಬರದು ಸಾವಿರಾರು, ಸಾಸಿವೆಯಷ್ಟು.

ಒಂದು ಮನೆಯ ಜಗಲಿಯಲ್ಲಿ ಹೆಂಗಸೊಬ್ಬರು ಬರೆಯುತ್ತ ಕೂತಿದ್ದರು. ಜಿಂಕೆ, ಅದರ ಕೋಡೇ ಮರವಾಗಿ ಬೆಳೆದಿದೆ. ಹೊರಗೆರೆ ಮುಗಿದಿತ್ತು, ಮೈಗೆ ಚುಕ್ಕಿ ತುಂಬುತ್ತಿದ್ದರು. ಸಣ್ಣ ಕುಂಚ, ತುದಿಯಲ್ಲಿ ನಾಲ್ಕೈದು ಕೂದಲು. ಬಣ್ಣದಲ್ಲಿ ಅದ್ದಿ, ಹಳೇ ಬಟ್ಟೆಗೆ ಒಮ್ಮೆ ಒತ್ತಿ, ಮೂರು ಚುಕ್ಕಿ. ಮತ್ತೆ ಅದ್ದಿ, ಒತ್ತಿ, ಮೂರು ಚುಕ್ಕಿ. ನಾಲ್ಕನೆಯದಕ್ಕೆ ಬಣ್ಣ ತೆಳುವಾಗುತ್ತದೆ, ಅದಕ್ಕೆ ಮೂರೇ. ನಾವು ಅರ್ಧ ಗಂಟೆ ಪಕ್ಕದಲ್ಲಿದ್ದರೂ ಆ ಲೆಕ್ಕ ಒಮ್ಮೆಯೂ ತಪ್ಪಲಿಲ್ಲ. ಮಧ್ಯೆ ಮೊಮ್ಮಗ ಅಳುತ್ತ ಬಂದ, ಎಡಗೈಯಲ್ಲಿ ಬೆನ್ನು ತಟ್ಟಿದರು, ಬಲಗೈ ನಿಲ್ಲಲಿಲ್ಲ.

‘ಬರೆಯುವಾಗ ಮನಸ್ಸಿನಲ್ಲಿ ಏನಿರುತ್ತೆ ದೀದಿ?’ ಅಂತ ಅಕ್ಕನ ಮಗಳು ಇಲ್ಲೂ ಕೇಳಿದಳು.

ಅವರು ತಲೆ ಎತ್ತದೆ, ‘ಮುಂದಿನ ಚುಕ್ಕಿ’ ಅಂದರು.

ನೆಲಕ್ಕೆ, ಬಾಗಿಲಿಗೆ ಇವರು ಬರೆಯುವ ಧಿಗ್ನಾ ಎಂಬ ಚಿತ್ತಾರವನ್ನೂ ತೋರಿಸಿದರು. ನಾನು ಅಂಗಳದಲ್ಲಿ ಸುಣ್ಣದ ಪುಡಿ ಇಸಿದುಕೊಂಡು ಏಳರಿಂದ ಒಂದರವರೆಗಿನ ಚುಕ್ಕಿ ರಂಗೋಲಿ ಹಾಕಿದೆ. ಹೆಂಗಸರು ಸುತ್ತ ಸೇರಿದರು. ಚುಕ್ಕಿ ಇಡುವಾಗ ಸುಮ್ಮನಿದ್ದವರು, ಗೆರೆ ಎಳೆದು ಚುಕ್ಕಿಗಳನ್ನು ಸೇರಿಸಲು ಹೋದಾಗ ಒಬ್ಬರು, ‘ಅಯ್ಯೋ, ಯಾಕೆ ಮುಚ್ಚುತ್ತೀರಿ, ಅವು ಹಾಗೇ ಚೆನ್ನಾಗಿದ್ದವಲ್ಲ’ ಅಂದರು. ನಾನು ಗೆರೆ ನಿಲ್ಲಿಸಿದೆ. ಅಮ್ಮ ನನಗೆ ರಂಗೋಲಿ ಕಲಿಸಿದಾಗ ಮೊದಲು ಮೂರು ತಿಂಗಳು ಬರೀ ಚುಕ್ಕಿ ಇಡಿಸಿದ್ದಳು. ಅಂತರ ಸಮವಾಗದಿದ್ದರೆ ಅಂಗಳಕ್ಕೆ ನೀರು ಚಿಮುಕಿಸಿ ಅಳಿಸಿ, ಮತ್ತೆ ಇಡು ಅನ್ನುವಳು. ಆಗ ಕೋಪ ಬರುತ್ತಿತ್ತು.

ಅವರಿಂದ ಒಂದು ಸಣ್ಣ ಚಿತ್ರ ಕೊಂಡೆ. ಚೌಕಾಸಿ ಮಾಡಲಿಲ್ಲ.

ಏಳನೇ ದಿನ: ವಾಪಸು

ದಿಂಡೋರಿಯಲ್ಲಿ ರಾತ್ರಿ ಕಳೆದು ಜಬಲ್ಪುರಕ್ಕೆ ಬಂದು ರೈಲು ಹತ್ತಿದೆವು. ಅಕ್ಕನ ಮಗಳು ಕಿಟಕಿ ಪಕ್ಕ ಕೂತು ಮೊಬೈಲನ್ನು ಚೀಲಕ್ಕೆ ಹಾಕಿದಳು. ನನ್ನ ಸ್ಕೆಚ್ ಪುಸ್ತಕ ಇಸಿದುಕೊಂಡು, ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಒಂದು ಗುಂಡು ಬರೆಯಲು ಕೂತಳು. ರೈಲಿನ ಕುಲುಕಿಗೆ ಅಂಚು ನಿಲ್ಲುತ್ತಿರಲಿಲ್ಲ. ‘ಹೊರಗಿನಿಂದ ಬರೆಯಬೇಡ, ನಡುವಿನಿಂದ ಹಿಗ್ಗಿಸಿಕೊಂಡು ಬಾ’ ಅಂದೆ.

ಕಕೈಯದ ವರಾಂಡದಲ್ಲಿ ಅಂಟಿಸಿದ ಹಾಳೆಯ ಫೋಟೋವನ್ನು ನನ್ನ ಆ ಎಂಟನೇ ತರಗತಿಯ ಹುಡುಗನಿಗೆ ಕಳಿಸಿದೆ. ಅವನು ಈಗ ಶಿವಮೊಗ್ಗದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮೆಷಿನ್ ಮೇಲೆ ಕೆಲಸ ಮಾಡುತ್ತಾನೆ. ನೂಲಿನೆಳೆ ಹೆಚ್ಚುಕಡಿಮೆಯಾದರೂ ಕೆಡುವ ಕೆಲಸ. ನರಸಿಂಗಪುರ ದಾಟುವ ಹೊತ್ತಿಗೆ ಅವನ ಉತ್ತರ ಬಂತು.

‘ಟೀಚರ್, ಅದು ಈಗಲೂ ಅಲ್ಲಾಡುತ್ತಾ?’

‘ಊಟದ ಬಿಡುವಿನಲ್ಲಿ ನೋಡು’ ಅಂತ ಬರೆದೆ.